ಜರ್ಮನಿಯಿಂದ ಮರಳಿದ ನಮ್ಮ ಡಬ್ಬಿ

ಜರ್ಮನಿಯ ಪಾರ್ಸೆಲ್ ಬಿಚ್ಚಿದರೆ ಒಳಗೆ ನಮ್ಮದೇ ಸ್ಟೀಲ್ ಡಬ್ಬಿ! ಸಂತೆಗುಳಿಯ ನಮ್ಮ ಮನೆಯ ಹಲಸಿನ ಹಪ್ಪಳಕ್ಕೆ ಆನ್‌ಲೈನಿನಲ್ಲಿ ಬಂದ ಮೊದಲ ವಿದೇಶಿ ಆರ್ಡರನ್ನು, ಪುಡಿಯಾಗದಿರಲೆಂದು ಅದರಲ್ಲೇ ಕಳಿಸಿದ್ದೆವು. ಪ್ಯಾಕ್ ಮಾಡಿದ ಅತ್ತೆ, ಅಕ್ಕಪಕ್ಕದವರಿಗೆ ಕೊಡುವಾಗಿನ ಅಭ್ಯಾಸದಂತೆ, ಮುಚ್ಚಳಕ್ಕೆ ‘ಡಬ್ಬಿ ವಾಪಸ್ ಕೊಡಿ’ ಎಂಬ ಚೀಟಿ ಅಂಟಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಗಿರಾಕಿ ಅದನ್ನು ಫೋನಿನಲ್ಲಿ ತನ್ನ ಭಾಷೆಗೆ ತಿರುಗಿಸಿ ಓದಿದಳಂತೆ; ಜೊತೆಗಿದ್ದ ಪತ್ರದಲ್ಲಿ ಬರೆದಿದ್ದಳು. ನಾನು ತಲೆ ಚಚ್ಚಿಕೊಳ್ಳುತ್ತಿದ್ದರೆ, ಮುಚ್ಚಳ ತೆಗೆದ ಅತ್ತೆ ಕೇಕೆ ಹಾಕಿದರು. ಡಬ್ಬಿಯ ತುಂಬ ಚಾಕಲೇಟು!

“ಎಂತಕ್ಕೆ ನಾಚ್ಕೆ? ಖಾಲಿ ಕಳಿಸ್ಲಿಲ್ಲ ನೋಡೇ, ಒಳ್ಳೆ ಮನೆ ಹುಡುಗಿ!”

ಮೊನ್ನೆ ಅವಳ ಎರಡನೇ ಆರ್ಡರ್ ಬಂತು. ಅತ್ತೆ ಅದೇ ಡಬ್ಬಿಯನ್ನು ತೊಳೆದು ಒಣಗಿಸಿಟ್ಟಿದ್ದಾರೆ. ಈ ಸಲ ಚೀಟಿ ಬೇಡವಂತೆ.