ತಟ್ಟೆಗೆ ಹಿಡಿಸದ ಡೊಳ್ಳು

ಉದಗೀರದ ಮದುವೆ ಮೆರವಣಿಗೆಯಲ್ಲಿ ವರನ ಗೆಳೆಯರು ಕುಣಿಯುತ್ತ ಒಬ್ಬರ ಕಾಲನ್ನೊಬ್ಬರು ತುಳಿದರೆಂದರೆ, ಕೀಬೋರ್ಡಿನ ಮುಂದೆ ನಮ್ಮ ಸಿದ್ದರಾಮ ಇದ್ದಾನೆಂದೇ ಲೆಕ್ಕ. ನನ್ನದು ಬೆಂಜೊ ಪಾರ್ಟಿ; ಟೆಂಪೊ ಮೇಲೆ ಸ್ಪೀಕರು ಏರಿಸಿಕೊಂಡು ನಾಲ್ಕೆಣಿಕೆಯ ತಾಳ ಬಾರಿಸುವ ಮದುವೆ ಬ್ಯಾಂಡು. ಅವನೋ ಬೇಸರ ಬಂತೆಂದರೆ ಹೇಳದೆ ಕೇಳದೆ ಏಳೆಣಿಕೆಗೆ ಹಾರುತ್ತಾನೆ. "ನೀಲೇಶದಾದಾ, ನಾಕರಾಗ ದಮ್ ಕಟ್ತದ ನನಗ," ಎನ್ನುತ್ತಾನೆ. ಬೀಗರು ಬಂದು ಬಯ್ಯುವುದು ಮಾತ್ರ ನನ್ನನ್ನು.

ಒಂದು ಕಡೆ ಕೂತು ಚಹಾ ಕುಡಿದ ಆಸಾಮಿಯಲ್ಲ. ವಲಾಂಡಿಯಲ್ಲಿ ಮನೆ, ಉದಗೀರದಲ್ಲಿ ಕೆಲಸ, ನಿಲಂಗಾದಲ್ಲಿ ರಿಪೇರಿಗೆ ಕೊಟ್ಟ ಗಿಟಾರು; ಬೈಕಿನ ಮೇಲೆ ಅಲೆಯುತ್ತಲೇ ಇರುತ್ತಾನೆ. ಅವನಿಗೆ ಹಿಡಿದ ಹುಚ್ಚಿನ ಹೆಸರು ಪ್ರೊಗ್ರೆಸಿವ್ ರಾಕ್. ಹಾಡು ಶುರುವಾಗಿ, ದಾರಿ ಬಿಟ್ಟು, ಊರ ಹೊಲವೆಲ್ಲ ಸುತ್ತಿ ಮನೆಗೆ ಬರುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಬೆಂದಿರುತ್ತದೆ. ಅಂಥದ್ದೊಂದನ್ನು ಎರಡು ವರ್ಷ ಕೂತು, ಅಲ್ಲ, ಓಡಾಡಿಕೊಂಡೇ ಕಟ್ಟಿದ. ನಟ್ಟನಡುವೆ ಅವನಪ್ಪ ಭೀಮಶಾ ಕುರುಬರ ದೇವರಾದ ಬೀರಪ್ಪನ ಗುಡಿಯಲ್ಲಿ ಬಾರಿಸುವ ಡೊಳ್ಳನ್ನೇ ಇಟ್ಟ. ಕುರಿಹಟ್ಟಿಯಲ್ಲಿ ಮೈಕು ಹಿಡಿದು ರೆಕಾರ್ಡು ಮಾಡಿಕೊಂಡ. ಬಯ್ಯಲೆಂದೇ ಹೋಗಿದ್ದ ನನಗೆ ಅದನ್ನು ಕೇಳಿ ಮೈ ಜುಮ್ಮೆಂದಿತು.

ಪುಣೆಯಲ್ಲಿ ಇಂಥ ಸಂಗೀತವನ್ನೇ ಹೊರತರುವ ಸಣ್ಣ ರೆಕಾರ್ಡ್ ಕಂಪನಿಯೊಂದಿದೆ. ಮಾಲೀಕ ಶೈಲೇಶನಿಗೆ ಹಾಡು ಹಿಡಿಸಿತು. ಹಳೆಯ ಕಾಲದಂತೆ ಗ್ರಾಮಫೋನಿನ ಕಪ್ಪು ತಟ್ಟೆಯನ್ನೇ ಮಾಡಿಸೋಣ, ಆದರೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಇನ್ನೊಂದು ಮಗ್ಗುಲು ಬೇರೆ ತಂಡದ್ದು, ಡೊಳ್ಳು ತೆಗೆದುಬಿಡು ಎಂದ. ಸಿದ್ದರಾಮ ವಾರವಿಡೀ ನಿದ್ದೆಗೆಟ್ಟ. ಬಿಟ್ಟರೆ ಇಂಥ ಅವಕಾಶ ಮತ್ತೆ ಬಾರದು. ಒಪ್ಪಿದರೆ ಅಪ್ಪನನ್ನೇ ಕತ್ತರಿಸಿದಂತೆ. ಕೊನೆಗೆ ಒಪ್ಪಿಕೊಂಡ, ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ. ತನ್ನ ಡೊಳ್ಳು ತಟ್ಟೆಯಲ್ಲಿ ಬರುತ್ತದೆಂದು ಭೀಮಶಾ ಆಗಲೇ ದೇವಣಿ ಸಂತೆಯವರೆಗೂ ಡಂಗುರ ಸಾರಿಬಿಟ್ಟಿದ್ದ.

ತಟ್ಟೆ ಬಂತು. ಮನ್ಮಥಪ್ಪ ಮಾಸ್ತರರ ಹಳೆಯ ಪ್ಲೇಯರು ಎರವಲು ತಂದು ವಲಾಂಡಿಯ ಪಡಸಾಲೆಯಲ್ಲಿ ಹಚ್ಚಿದೆವು. ಭೀಮಶಾ ಸ್ನಾನ ಮಾಡಿ, ಕಂಬಳಿ ಹಾಸಿ ಕೂತಿದ್ದ. ಡೊಳ್ಳಿನ ಮೊದಲ ಪೆಟ್ಟಿಗೆ ಭಂಡಾರ ತೂರದೆ ಇವರಲ್ಲಿ ನಡೆಯುವುದಿಲ್ಲ. ಮುಷ್ಟಿ ತುಂಬ ಆ ಅರಿಶಿನಪುಡಿ ಹಿಡಿದು ಕಾಯುತ್ತಿದ್ದ. ಹಾಡು ಓಡಿತು. ಸಿದ್ದರಾಮ ಕೂತ, ಎದ್ದ, ನೀರು ಕುಡಿದ, ಬಾಗಿಲಿಗೆ ಹೋಗಿ ಬಂದ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಅಯ್ಯೋ ಪಾಪ ಎಂದೂ ಅನಿಸಿತು. ಮುಳ್ಳು ಕೊನೆಗೆ ಬಂದು ಕೆರಕೆರ ಎಂದಿತು.

"ನಂದು ಆ ಮಗ್ಗಲಿಗಿ ಅದ ಏನೋ? ತಿರುವಿ ಹಾಕು," ಎಂದ ಭೀಮಶಾ.

"ಆ ಮಗ್ಗಲಿಗಿ ಬ್ಯಾರೆ ಮಂದಿ ಹಾಡ ಅದ ಅಪ್ಪಾ. ನಿಂದು ಹಿಡೀಲಿಲ್ಲ. ತೆಗೀಲಿಕ್ಕ ನಾನೇ ಹೂಂ ಅಂದೆ."

ಮುದುಕ ನಗಲು ನೋಡಿದ, ಆಗಲಿಲ್ಲ. ಮುಷ್ಟಿ ಬಿಗಿಯಾಗಿಯೇ ಇತ್ತು. ನಾನು ಪ್ಲೇಯರು ಆರಿಸಿದೆ.

"ಕೈಯಾಗ ಹಿಡದ ಭಂಡಾರ ತಿರುಗಿ ಚೀಲಕ್ಕ ಹಾಕಬಾರದು. ಬಾ ಇಲ್ಲಿ," ಎಂದು ಭೀಮಶಾ ಅದನ್ನು ಮಗನ ತಲೆಯ ಮೇಲೆ ತೂರಿದ. "ನಿನ್ನ ಹಾಡಾದ್ರೂ ಬಂತಲ್ಲ."

ಸಿದ್ದರಾಮ ಅರಿಶಿನ ಮೆತ್ತಿದ ಮುಖದಲ್ಲೇ ಗೋಳೋ ಎಂದು ಅತ್ತ.