ನೀರುಗಂಟಿ ತಾತನ ಆಮೆಮರಿಗಳು

ನೀರುಗಂಟಿ ತಾತನ ಕಾಲ್ಬೆರಳುಗಳ ಸಂದಿ ಸದಾ ಬೆಳ್ಳಗೆ ಬಿರಿದಿರುತ್ತಿತ್ತು. ಕೆರೆಯ ತೂಬು ಎತ್ತಿ ಇಳಿಸಿ, ಗದ್ದೆ ತೋಟಗಳಿಗೆ ಸರದಿಯಂತೆ ನೀರು ಬಿಡುತ್ತ ಆಯುಷ್ಯವೆಲ್ಲ ಕೆಸರಿನಲ್ಲಿ ನಿಂತ ಕಾಲು ಅವು. ದಬ್ಬೇಘಟ್ಟದ ಕಡೆಯ ನಮ್ಮ ತೆಂಗಿನ ತೋಟ ಏರಿಯ ಕೆಳಗೇ ಇದೆ. ತಾತ ದಿನಕ್ಕೊಮ್ಮೆ ಅಲ್ಲಿಗೆ ಬಂದು, ಎಲೆಅಡಿಕೆ ಹಾಕಿಕೊಂಡು, ಮನೆಯವರ ಸುದ್ದಿ ಹೇಳುವ ಹಾಗೆ ಕೆರೆಯ ಸುದ್ದಿ ಹೇಳುತ್ತಿದ್ದರು: "ಇವತ್ತು ಕೆರೆಗೆ ಮೈ ಸರಿ ಇಲ್ಲ ಕಣವ್ವ, ನೀರು ನಾರ್ತೈತೆ."

ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಏರಿ ಅಗಲ ಮಾಡಲು ಜೆಸಿಬಿ ಬಂತು. ಅದು ಕೆರೆದ ಜಾಗದಲ್ಲಿ ಆಮೆಯ ಮೊಟ್ಟೆಗಳು ಕಂಡವು. ತಾತ ಯಂತ್ರದ ಮುಂದೆ ಕೂತೇಬಿಟ್ಟರು. ಒಡೆಯದೆ ಉಳಿದ ಏಳು ಮೊಟ್ಟೆಗಳ ನೆತ್ತಿಗೆ ಇದ್ದಿಲಿನಿಂದ ಗುರುತು ಹಾಕಿ, ಬಾಂಡ್ಲಿ ಮಣ್ಣಿನಲ್ಲಿಟ್ಟು ಹೊತ್ತು ತಂದರು.

"ಮೇಲಿದ್ದ ಕಡೆ ಮೇಲೇ ಇರ್ಬೇಕು. ಉಲ್ಟಾ ಆದ್ರೆ ಒಳಗಿರೋ ಜೀವ ಉಳಿಯಾಕಿಲ್ಲ."

ನಮ್ಮ ತೋಟದ ಮೂಲೆಯಲ್ಲಿ ಹೂತು, ಮುಂಗುಸಿ ಕೆದಕದಂತೆ ತಂತಿಬಲೆ ಮುಚ್ಚಿದರು. ಎರಡು ತಿಂಗಳು ದಿನವೂ ಬಂದು ನೋಡಿದರು. ಮಳೆ ಬಿದ್ದ ಮೂರನೆಯ ದಿನ ಆರು ಮರಿಗಳು ಹೊರಬಂದವು. ಬೆಂಕಿಪೊಟ್ಟಣಕ್ಕಿಂತ ಚಿಕ್ಕವು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ತಾತ ನಕ್ಕರು. ಅವರು ಹಾಗೆ ಬಾಯ್ತುಂಬ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗಲೇ ಕೆರೆಗೆ ಬಿಡುವಂತಿರಲಿಲ್ಲ. ಕೆರೆ ಬತ್ತಿ ಉಳಿದಿದ್ದ ಒಂದೇ ಗುಂಡಿಯ ತುಂಬ ಯಾರೋ ತಂದು ಬಿಟ್ಟ ಕ್ಯಾಟ್‌ಫಿಶ್. "ಅವಕ್ಕೆ ಇವು ಒಂದೊಂದು ತುತ್ತು" ಎಂದರು ತಾತ. ನಮ್ಮ ದನದ ತೊಟ್ಟಿಯಲ್ಲೇ ಇಟ್ಟೆವು. ಅವರು ಎರೆಹುಳು ತರುತ್ತಿದ್ದರು, ನಾನು ನೀರು ಬದಲಿಸುತ್ತಿದ್ದೆ. ಕಾಗೆ ಕಾಟಕ್ಕೆ ತೊಟ್ಟಿಯ ಮೇಲೆ ತೆಂಗಿನ ಸೋಗೆ ಮುಚ್ಚಿದವಳೂ ನಾನೇ.

"ಒಸಿ ಬಿಸಿಲು ಬೀಳ್ಲಿ ಕಣವ್ವ."

"ಒಣಗಿ ಹೋಗ್ತವೆ ತಾತ, ಸುಮ್ನಿರಿ" ಎಂದಿದ್ದೆ. ತೊಟ್ಟಿ ನನ್ನದು. ಅವರು ಎರೆಹುಳು ಹಾಕಿ ಹೋದರು.

ಕೆಲವೇ ವಾರಗಳಲ್ಲಿ ಮರಿಗಳ ಕಣ್ಣು ಊದಿಕೊಂಡವು, ಚಿಪ್ಪು ಒತ್ತಿದರೆ ತಗ್ಗಾಗುವಷ್ಟು ಮೆತ್ತಗಾಯಿತು. ನಾಲ್ಕು ಸತ್ತವು. ಪರಿಚಯದ ದನದ ಡಾಕ್ಟರಿಗೆ ಫೋಟೋ ಕಳಿಸಿ ಫೋನು ಮಾಡಿದೆ.

"ಬಿಸಿಲೇ ತೋರಿಸಿಲ್ವೇನ್ರೀ? ಕಾಡುಜೀವ ಮನೇಲಿ ಇಟ್ಕೊಳ್ಳೋ ಹಂಗೂ ಇಲ್ಲ. ಬಿಟ್‌ಬಿಡಿ."

ಸ್ಪೀಕರ್ ಹಾಕಿದ್ದೆ. ಪಕ್ಕದಲ್ಲೇ ಕೂತಿದ್ದ ತಾತ ಎದ್ದು ಹೋಗಿ ಸೋಗೆ ಸರಿಸಿದರು.

ಅಷ್ಟರಲ್ಲಿ ಕೆರೆಗೆ ನಾಲೆ ನೀರು ಬಂದಿತ್ತು. ಉಳಿದ ಎರಡನ್ನು ಒಯ್ದೆವು. ಮೊದಲನೆಯದು ನೀರಿಗಿಳಿಯುವಷ್ಟರಲ್ಲೇ ಕೊಕ್ಕರೆ ಎತ್ತಿಕೊಂಡು ಹೋಯಿತು. ಎರಡನೆಯದು ತಡವರಿಸುತ್ತ ಜೊಂಡಿನೊಳಗೆ ಸೇರಿತು. ತಾತ ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈಯಲ್ಲೊಂದು ಬರಲುಕಡ್ಡಿ ಹಿಡಿದು ಹಕ್ಕಿ ಓಡಿಸತೊಡಗಿದರು. ಮಧ್ಯಾಹ್ನ ದಾಟಿತು.

"ಸಾಕು ಬನ್ನಿ ತಾತ. ಹಿಂಗೇ ಎಷ್ಟು ದಿನ ಕಾಯೋಕಾಗುತ್ತೆ?"

"ಕಾಯಕ್ಕಾಗಕ್ಕಿಲ್ಲ ಬುಡು. ನಾನು ನಿಂತಿರೋಗಂಟ ತಿನ್ನದು ಬ್ಯಾಡ, ಅಷ್ಟೆಯಾ."

ಆ ಚಳಿಗಾಲ ಉಬ್ಬಸ ಅವರನ್ನು ಹಾಸಿಗೆಗೆ ಕೆಡವಿತು. ನೋಡಲು ಹೋದಾಗ ಕೇಳಿದ್ದು ಒಂದೇ ಮಾತು: "ಆ ಮರಿ ಕಾಣ್ತಾ?"

"ನಿನ್ನೆ ಕಂಡೆ ತಾತ. ತೂಬಿನ ಹಾಸುಗಲ್ಲ ಮೇಲೆ ಬಿಸಿಲು ಕಾಯ್ಕೋತಿತ್ತು."

ಅವರು ಕಣ್ಣು ಮುಚ್ಚಿಕೊಂಡರು. "ಹಾಸುಗಲ್ಲು ಮುಳುಗಿ ತಿಂಗಳಾಯ್ತು ಕಣವ್ವ."

ಅದಾದ ಎರಡು ದಿನಕ್ಕೆ ತೀರಿಕೊಂಡರು.

ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆಮೆಯನ್ನಂತೂ ಆಮೇಲೆ ಈ ಕೆರೆಯಲ್ಲಿ ನಾನು ಕಂಡಿಲ್ಲ. ನಾಲ್ಕು ಜೀವ ನನ್ನ ಕೈಯಲ್ಲಿ ಹೋದವೆಂದು ಅವರಿಗೆ ಗೊತ್ತಿತ್ತು, ಸುಳ್ಳು ಹೇಳಿದೆನೆಂದೂ ಗೊತ್ತಿತ್ತು. ಒಂದು ಸಲ ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.