ದಪ್ಪಗಿದ್ದವರಿಗೆ ಬರುವ ಕಾಯಿಲೆ

ನಾನು ದಪ್ಪಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು; ಇಲ್ಲದಿದ್ದರೆ ಬೇರೆಯವರು ಹೇಳುತ್ತಾರೆ. ಹಿಂದೂಪುರದಲ್ಲಿ ಟೀಚರಾಗಿದ್ದಾಗ ದಿನವೂ ಎರಡು ಮೈಲಿ ನಡೆದೇ ಶಾಲೆಗೆ ಹೋಗುತ್ತಿದ್ದೆ. ಜ್ವರವೆಂದು ಮಲಗಿದ ನೆನಪಿಲ್ಲ. ಆದರೂ ಎಂಬತ್ತರ ದಶಕದಲ್ಲಿ ನನ್ನ ಆರೋಗ್ಯದ ಬಗ್ಗೆ ನನಗಿಂತ ಹೆಚ್ಚು ತಿಳಿದಿದ್ದವು ವಾರಪತ್ರಿಕೆಗಳು.

ಅವುಗಳ ಆರೋಗ್ಯದ ಪುಟದಲ್ಲಿ ಯಾವ ಕಾಯಿಲೆಯಿದ್ದರೂ ಚಿತ್ರ ಒಂದೇ: ಲಾಡು ಹಿಡಿದು ಬೆವರುತ್ತಿರುವ ದಪ್ಪನೆಯ ಹೆಂಗಸು. ಪಕ್ಕದಲ್ಲಿ ಸೇಬು ಹಿಡಿದ ಬಳುಕುವ ಬಳ್ಳಿ. ನಮ್ಮ ಕಡೆ ಸೇಬು ಕಾಣಬೇಕಾದರೆ ಯಾರಾದರೂ ಆಸ್ಪತ್ರೆ ಸೇರಬೇಕಿತ್ತು, ಆ ಮಾತು ಬೇರೆ. ಸಿನಿಮಾದಲ್ಲಿಯೂ ನನ್ನ ಗಾತ್ರದವಳು ಬರುತ್ತಿದ್ದದ್ದು ಕುರ್ಚಿ ಮುರಿಯುವುದಕ್ಕೇ. ಮುರಿದ ಕೂಡಲೇ ಮುಂದಿನ ಸಾಲಿನವರು ತಿರುಗಿ ನನ್ನ ಕುರ್ಚಿಯನ್ನು ನೋಡುತ್ತಿದ್ದರು. ಹಳೆಯ ಕವಿಗಳೂ ನಡು ಸಣ್ಣಗಿರಲಿ ಎಂದವರೇ. ಆದರೆ ಉಳಿದ ಭಾಗಗಳ ವಿಷಯದಲ್ಲಿ ಅವರು ಧಾರಾಳಿಗಳು. ಗಜಗಮನೆ ಎಂದರೆ ಆಗ ಯಾರೂ ನಗುತ್ತಿರಲಿಲ್ಲ.

ಬೇಸರದ ಸಂಗತಿಯೆಂದರೆ ಪತ್ರಿಕೆಯನ್ನು ನಾನೂ ನಂಬಿದ್ದೆ. ಕಲ್ಯಾಣದುರ್ಗಕ್ಕೆ ಕೊಟ್ಟಿದ್ದ ನನ್ನ ಅಕ್ಕ ಸಾವಿತ್ರಿ ಒಂದೇ ವರ್ಷದಲ್ಲಿ ಅರ್ಧಕ್ಕಿಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಲ್ಲಿ ಎಲ್ಲರೂ ಅವಳನ್ನು ಹೊಗಳುವವರೇ, ಏನು ತಿನ್ನುತ್ತೀ ಎಂದು ಕೇಳುವವರೇ. ಅವಳು ಬಿಂದಿಗೆಗಟ್ಟಲೆ ನೀರು ಕುಡಿಯುತ್ತಾಳೆಂದು ತಿಳಿದು ನಾನೂ ಒಂದು ವಾರ ಕುಡಿದೆ. ಇಳಿದದ್ದು ಬಿಂದಿಗೆಯ ತೂಕ ಮಾತ್ರ.

ಬೇಸಿಗೆ ರಜೆಯಲ್ಲಿ ಬಸ್ಸು ಹತ್ತಿ ಅವಳ ಮನೆಗೆ ಹೋದೆ. ಅಕ್ಕ ಕುಂಟುತ್ತಿದ್ದಳು. ಎಡವಿ ಹೆಬ್ಬೆರಳಿಗಾದ ಗಾಯ ಎರಡು ತಿಂಗಳಾದರೂ ಮಾಗಿರಲಿಲ್ಲ. ಯಾಕೆ ತೋರಿಸಿಲ್ಲ ಎಂದೆ.

"ನಂಗೇನಾಗೈತೆ? ಎಲ್ರೂ ಚೆನ್ನಾಗಿದ್ದೀಯ ಅಂತಾರೆ ಕಣೆ," ಎಂದು ಗೋಡೆ ಹಿಡಿದು ಕೂತಳು.

ಬಲವಂತವಾಗಿ ಅಲ್ಲಿನ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದೆ. ಬಾಗಿಲಲ್ಲೇ ಕಾಂಪೌಂಡರ್ ನನ್ನ ರಟ್ಟೆ ಹಿಡಿದು, "ಕೂರ್ಚೋಮ್ಮಾ, ಆಯಾಸ ಪಡಬ್ಯಾಡ," ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿ ರೋಗಿಯ ಕುರ್ಚಿಯಲ್ಲಿ ಕೂರಿಸಿದ. ಅಕ್ಕ ನಿಂತೇ ಇದ್ದಳು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು ಸಿಹಿ, ಕರಿದದ್ದು, ಮಧ್ಯಾಹ್ನದ ನಿದ್ದೆ ಇವುಗಳ ಮೇಲೆ ನನಗೆ ಭಾಷಣ ಶುರುಮಾಡಿದರು. ರೋಗಿ ನಾನಲ್ಲ, ಅಕ್ಕ ಎಂದೆ. ಇಬ್ಬರದ್ದೂ ನೋಡಿಬಿಡೋಣ ಎಂದರು, ನನ್ನ ಮನಸ್ಸು ನೋಯಬಾರದೆಂಬಂತೆ.

ಇಬ್ಬರ ಮೂತ್ರವೂ ಎರಡು ಸೀಸೆಗಳಲ್ಲಿ ಒಳಗೆ ಹೋಯಿತು. ಆಗೆಲ್ಲ ನೀಲಿ ದ್ರಾವಣಕ್ಕೆ ನಾಲ್ಕು ಹನಿ ಬಿಟ್ಟು ಕಾಯಿಸುತ್ತಿದ್ದರು. ಸಕ್ಕರೆಯಿದ್ದರೆ ಬಣ್ಣ ತಿರುಗುತ್ತಿತ್ತು. ನನ್ನದು ನೀಲಿಯಾಗಿಯೇ ಉಳಿಯಿತು. ಅಕ್ಕನದು ಇಟ್ಟಿಗೆಯ ಕೆಂಪಾಯಿತು. ಡಾಕ್ಟರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು, ಆಮೇಲೆ ಸೀಸೆ ಅದಲುಬದಲು ಮಾಡಿದೆಯೆಂದು ಕಾಂಪೌಂಡರನ್ನು ಬೈದರು. ಮತ್ತೆ ಕಾಯಿಸಿದರು. ಮತ್ತೆ ಅದೇ ನೀಲಿ, ಅದೇ ಕೆಂಪು. ದ್ರಾವಣವೇ ಕೆಟ್ಟಿರಬೇಕೆಂದು ಹೊಸದನ್ನು ತರಿಸಲು ಹೊರಟಾಗ ನನಗೆ ತಡೆಯಲಾಗಲಿಲ್ಲ.

"ಸೀಸೆ ಸರಿಯಾಗೇ ಐತೆ ಸ್ವಾಮಿ," ಎಂದೆ. "ಅವಳ ಕಾಲು ನೋಡಿ."

ನೋಡಿದರು. ದನಿ ತಗ್ಗಿತು. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲ ಎಂದರು. ನಾನು ಹೊರಗೆ ಬಂದು ಬೇವಿನ ಮರದಡಿ ನಿಂತು ಅತ್ತೆ. ವರ್ಷವಿಡೀ ನಾನು ಅಸೂಯೆ ಪಟ್ಟದ್ದು ಅವಳ ಕಾಯಿಲೆಯ ಮೇಲೆ.

ಹಿಂದೂಪುರಕ್ಕೆ ಬಂದವಳು ಇದನ್ನೆಲ್ಲ ಬರೆದು ಒಂದು ಪತ್ರಿಕೆಗೆ ಕಳಿಸಿದೆ. ಪುಣ್ಯಾತ್ಮರು ಪ್ರಕಟಿಸಿದರು. ಜೊತೆಗೊಂದು ಚಿತ್ರವನ್ನೂ ಹಾಕಿದ್ದರು: ಮೇಜಿಗೆ ಹೊಟ್ಟೆ ಆನಿಸಿಕೊಂಡು ಪತ್ರ ಬರೆಯುತ್ತಿರುವ ದಪ್ಪನೆಯ ಹೆಂಗಸು, ಪಕ್ಕದಲ್ಲಿ ತಟ್ಟೆ ತುಂಬ ಲಾಡು.

ಇನ್ಸುಲಿನ್ ಚುಚ್ಚಿಸಿಕೊಳ್ಳತೊಡಗಿದ ಮೇಲೆ ಅಕ್ಕನ ಗಾಯ ಮಾಗಿತು, ಕೆನ್ನೆ ತುಂಬಿತು. ದಸರಾಕ್ಕೆ ಹೋದಾಗ ಪಕ್ಕದ ಮನೆಯಾಕೆ ಬಂದು, ಎಷ್ಟು ಚೆಂದ ಇದ್ದೆ, ಹಿಂಗ್ಯಾಕೆ ಕೆಟ್ಟೋದೆ ಎಂದು ಮರುಗಿದಳು. ನಾನು ಜಗಳಕ್ಕೆ ಸೆರಗು ಸಿಕ್ಕಿಸಿದೆ.

ಅಕ್ಕ ನಕ್ಕಳು. "ವಾಸಿಯಾಗ್ಬುಟ್ಟೆ ಕಣಮ್ಮ, ಅದ್ಕೇ."

ಆಮೇಲೆ ಬಿಗಿಯಾಗಿದ್ದ ಎರಡು ರವಿಕೆಗಳನ್ನು ನನ್ನ ಮಡಿಲಿಗೆ ಹಾಕಿದಳು. ನಾನು ಒಳಹೊಲಿಗೆ ಬಿಚ್ಚುತ್ತ ಕೂತೆ. ಅಷ್ಟು ಖುಷಿಯಿಂದ ನಾನು ಯಾವ ಹೊಲಿಗೆಯನ್ನೂ ಬಿಚ್ಚಿದವಳಲ್ಲ. ಇಷ್ಟು ಸಾಕಾ ಎಂದು ಹಿಡಿದು ತೋರಿಸಿದೆ.

"ಇನ್ನೊಸಿ ಸಡ್ಲ ಬಿಡು," ಎಂದಳು.